ಅಮರಗುಂಡಪ್ಪ ಮಾಸ್ತರನ ಮುಖ

ನನ್ನ ಗೆಳೆಯ ಅಮರಗುಂಡಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ನಿಜಾಮ ಸರಕಾರದ ಲೆಕ್ಕದ ಫಸಲಿ ೧೩೫೩ರ ಭಾದ್ರಪದದಲ್ಲಿ, ಸಂತೆಕಲ್ಲೂರಿನ ಮನೆಯಲ್ಲಿ, ಆರು ದಿನದ ಜ್ವರಕ್ಕೆ ಹೋದ. ಜೀವನವೆಲ್ಲ ಬಣ್ಣದಲ್ಲಿ ಕಳೆದವನ ಮುಖದ ಚಿತ್ರ ಇವತ್ತು ಯಾರ ಬಳಿಯೂ ಇಲ್ಲ. ಹಾಗಾದುದರಲ್ಲಿ ನನ್ನ ಪಾಲೂ ಇದೆ.

ಅವನು ಮುದಗಲ್ಲಿನವನು. ಹರೆಯದಲ್ಲಿ ಅವನನ್ನು ತಸ್ಬೀರಿನ ಗುಂಡಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಕೂತವರನ್ನು ಇದ್ದ ಹಾಗೆ ಕಾಗದಕ್ಕೆ ಇಳಿಸುತ್ತಿದ್ದ. ಮೀಸೆಯ ಒಂದು ನರೆಗೂದಲೂ ತಪ್ಪುತ್ತಿರಲಿಲ್ಲ. ಅಲ್ಲಿಯ ಜವಳಿ ವ್ಯಾಪಾರಿಯೊಬ್ಬರ ಹೆಂಡತಿ ಅಮರಮ್ಮ. ಅವಳ ಏಳು ವರ್ಷದ ಮಗ ಬೇನೆಯಲ್ಲಿ ಸತ್ತುಹೋದ. ಅವಳು ಮೂಗು ಹೀಗೆ, ಹಣೆ ಹೀಗೆ ಎಂದು ಹೇಳುತ್ತ ಹೋದಳು, ಇವನು ಬರೆಯುತ್ತ ಹೋದ. ಮುಗಿದಾಗ ಅವಳು ಕಾಗದವನ್ನು ಎದೆಗೆ ಒತ್ತಿಕೊಂಡು ಅತ್ತಳಂತೆ. ವರ್ಷ ಕಳೆದ ಮೇಲೆ ಮತ್ತೆ ಬಂದಳು.

"ಮಾಸ್ತರ, ನನ್ನ ಮಗನ ಮುಖ ಮರತೀನ್ರಿ. ಕಣ್ಣು ಮುಚ್ಚಿದ್ರ ನಿಮ್ಮ ತಸ್ಬೀರ ಬರತೈತಿ. ನನ್ನ ಹುಡುಗ ಬರವಲ್ಲ."

ಅವನು ಮತ್ತೆ ಮುಖ ಬರೆಯಲಿಲ್ಲ. ಮರ ಬರೆಯಲಿಲ್ಲ, ಎತ್ತು ಬರೆಯಲಿಲ್ಲ, ಕೋಟೆ ಬರೆಯಲಿಲ್ಲ. ಎರೆಮಣ್ಣು, ಕೆಮ್ಮಣ್ಣು, ಸುಣ್ಣ, ದೀಪದ ಮಸಿ, ಬಟ್ಟೆಗೆ ಹಾಕುವ ನೀಲಿ, ಇಷ್ಟೇ ಅವನ ಬಣ್ಣಗಳು. ಜವಳಿ ಗಂಟಿಗೆ ಸುತ್ತಿ ಬಂದ ದಪ್ಪ ಕಾಗದವನ್ನು ನೀರಲ್ಲಿ ನೆನೆಸಿ, ಅದರ ಮೇಲೆ ಬಣ್ಣ ಬಿಟ್ಟು, ಒಣಗುವವರೆಗೆ ಮುಂದೆ ಕೂತಿರುತ್ತಿದ್ದ. ಒಂದು ಬಣ್ಣ ಇನ್ನೊಂದನ್ನು ತಳ್ಳುವುದು, ಸೋಲುವುದು, ಅಂಚಿನಲ್ಲಿ ನಿಲ್ಲುವುದು, ಇದರಲ್ಲೇ ಅವನ ಕೆಲಸವೆಲ್ಲ ಇತ್ತು.

ಮನೆಯ ಮುಂದೆ ಹಾದುಹೋಗುವ ಬಾಬುಸಾಬ್ ದಿನಾ ಒಂದು ಮಾತು ಎಸೆಯುತ್ತಿದ್ದ. "ಏನ್ರಿ ಮಾಸ್ತರ, ಗ್ವಾಡಿ ಸೋರಿದಂಗ ಐತಲ್ಲರಿ ಇದು!"

"ಸೋರೇದ ಹೌದು. ಯಾವ ಮಳಿ ಅಂತ ಹೇಳು, ಚಾ ಕುಡಸ್ತೀನಿ."

"ಮಳಿ ಯಾವುದರ ಇರ್ಲಿ, ಮದಲ ಮಾಳಗಿಗೆ ಮಣ್ಣ ಹಾಕಸ್ರಿ."

ನಗುತ್ತಿದ್ದವರಲ್ಲಿ ಗುಂಡಪ್ಪನೇ ಮೊದಲಿಗ.

ನಾವಿಬ್ಬರೂ ಲಿಂಗಸುಗೂರಿನ ಒಂದೇ ಶಾಲೆಯಲ್ಲಿ ಇದ್ದೆವು. ನಾನು ಲೆಕ್ಕ ಹೇಳಿಕೊಡುತ್ತಿದ್ದೆ, ಅವನು ಡ್ರಾಯಿಂಗ್. ಸರಕಾರದ ಪುಸ್ತಕದಲ್ಲಿ ನೀರಿನ ಹರವಿ, ಮಾವಿನಹಣ್ಣು, ಗುಲಾಬಿ ಇದ್ದವು. ಹುಡುಗರು ಅವನ್ನು ನೋಡಿ ನೋಡಿ ಇಳಿಸಬೇಕು. ಇವನು ಮೇಜಿನ ಮೇಲೆ ನಿಜವಾದ ಹರವಿ ಇಟ್ಟು, ಯಾರೂ ಬಳಪ ಮುಟ್ಟಕೂಡದೆಂದು ಹೇಳಿ, ನೋಡಿರಿ ಎನ್ನುತ್ತಿದ್ದ. ಬಹಳ ಹೊತ್ತಿನ ಮೇಲೆ ತನ್ನ ರುಮಾಲು ಬಿಚ್ಚಿ ಅದರ ಮೇಲೆ ಹೊದಿಸುತ್ತಿದ್ದ.

"ಈಗ ಎಲ್ಲಾರು ಬೆನ್ನು ತಿರುಗಿಸಿ ಕೂಡ್ರಿ. ಹರವಿ ಬರೀಬ್ಯಾಡ್ರಿ. ಹರವಿ ನಿಮ್ಮೊಳಗ ಏನು ಬಿಟ್ಟು ಹೋತು, ಅದನ್ನ ಹಚ್ಚರಿ."

ನಾನೊಮ್ಮೆ ಕೇಳಿದೆ, "ನೋಡ್ಕೋತ ಬರದರ ಏನಾತು? ಬೆನ್ಯಾಕ ತಿರುಗಿಸಬೇಕು?"

"ನೋಡ್ಕೋತ ಬರಿಯಾವ ಅಳತಿ ತೊಗೊಂತಾನ, ಮರಿಸ್ವಾಮಿ. ಅಳತಿ ನಿನ್ನ ಕೆಲಸ. ನನಗ ಹುಡುಗರು ಬೇಕು, ಸರ್ವೇದವರು ಬ್ಯಾಡ."

ಒಂದು ವರ್ಷ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಎಲ್ಲದರಲ್ಲೂ ಕೆಂಪು, ಕಪ್ಪು, ನಡುವೆ ಖಾಲಿ. "ಮಾಸ್ಟರ್, ಘಡಾ ಕಹಾಂ ಹೈ?" ಹರವಿ ಎಲ್ಲಿ ಎಂದು ಕೇಳಿದರು.

"ರುಮಾಲ್ ಕೆ ನೀಚೆ ಹೈ, ಸಾಬ್." ರುಮಾಲಿನ ಕೆಳಗಿದೆ ಎಂದ ಗುಂಡಪ್ಪ.

ಮಕ್ಕಳು ನಕ್ಕರು. ಸಾಹೇಬರು ನಗಲಿಲ್ಲ. ತಿಂಗಳೊಳಗೆ ಅವನನ್ನು ಸಂತೆಕಲ್ಲೂರಿನ ಸಣ್ಣ ಶಾಲೆಗೆ ಹಾಕಿದರು. ಅಲ್ಲಿ ಡ್ರಾಯಿಂಗ್ ಇರಲೇ ಇಲ್ಲ, ಮಗ್ಗಿ ಹೇಳಿಸಬೇಕಿತ್ತು. ಸಂಜೆ ಕಟ್ಟೆಯ ಮೇಲೆ ಕೂತರೆ ಬಂದವರಿಗೆಲ್ಲ ಬಣ್ಣ ಕಲಿಸುತ್ತಿದ್ದ. ಅವರಲ್ಲಿ ಅಲ್ಲಾಭಕ್ಷ್ ಅವನಿಗೆ ಬಲು ಹತ್ತಿರದವನಾದ. ಬಂಡಿ ಮಾಡುವ ಬಡಿಗ, ಮೂರು ಮಕ್ಕಳ ತಂದೆ. ಗುರುವಿನ ಮಾತು ಒಂದಕ್ಷರ ಮೀರುತ್ತಿರಲಿಲ್ಲ.

ಜ್ವರದ ಸುದ್ದಿ ತಿಳಿದು ನಾನೂ ಸಂತೆಕಲ್ಲೂರಿಗೆ ಬಂದೆ. ಮೂರನೇ ದಿನ ಗುಂಡಪ್ಪನ ಮಗಳು ಕಸ್ತೂರೆಮ್ಮನಿಗೆ ಹೇಳಿ ಕಳಿಸಿದೆವು. ಅವಳನ್ನು ಕೊಟ್ಟಿದ್ದು ಸಿಂಧನೂರಿನ ಆಚೆಯ ಹಳ್ಳಿಗೆ. ಅವಳು ಹೊರಟಳು, ಮಳೆಯೂ ಹಿಡಿಯಿತು. ಆರನೇ ದಿನ ನಸುಕಿನಲ್ಲಿ ಅವನು ಹೋದ. ಪಕ್ಕದ ಮನೆಯ ಪಕೀರಪ್ಪ ಅವಳನ್ನು ಎದುರುಗೊಳ್ಳಲು ಮಸ್ಕಿಗೆ ಓಡಿದವನು ಮಧ್ಯಾಹ್ನ ಒಬ್ಬನೇ ತಿರುಗಿ ಬಂದ.

"ಹಳ್ಳ ತುಂಬಿ ಬಂದೈತ್ರಿ. ಆಚೀ ದಂಡಿ ಮ್ಯಾಲ ಗಾಡಿ ನಿಂತೈತಿ. ಅಕ್ಕಾರು ನನ್ನ ನೋಡಿ ಕೈ ಎತ್ತಿದ್ರು. ನಾ ಏನಂತ ಒದರ್ಲಿ? ಸುಮ್ಮನ ಬಂದೆ."

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ ಬಳಿದು, ಹೂವು ಹಾಕಿ, ಭಜನೆ ಮಾಡುತ್ತಾರೆ. ಅವನೂ ಹಾಗೆ ಕೂತಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಜ್ವರದ ಹೆಣ ಇಡಲಾಗದು ಎಂದು ಹಿರಿಯರು ಹೇಳಿದರು. ಯಾರ ಮಾತೂ ತಪ್ಪಾಗಿರಲಿಲ್ಲ.

ಅವನ ಹೆಂಡತಿ ಗುರುಲಿಂಗಮ್ಮ ನನ್ನ ಮುಂದೆ ಬಂದು ನಿಂತಳು. "ಅಣ್ಣಾರ, ಹುಡುಗಿಗೆ ಅಪ್ಪನ ಮುಖ ಸಿಗಂಗಿಲ್ಲ. ಮುಖಾನರ ಬರಿಸಿ ಇಡ್ರಿ. ಒಂದು ಫೋಟೋಕ್ಕರ ಕುಂತಿದ್ದಿಲ್ಲ ಈ ಮನುಷ್ಯಾ. ಇಷ್ಟ ಮಂದಿಗೆ ಕಲಿಸ್ಯಾರ, ಒಬ್ಬರಿಗೂ ಬರಂಗಿಲ್ಲೇನು?"

ನಾನು ಅಲ್ಲಾಭಕ್ಷನನ್ನು ಕರೆದೆ. ಅವನು ತೆಂಗಿನ ಚಿಪ್ಪುಗಳಲ್ಲಿ ಬಣ್ಣ ಕಲಸಿಕೊಂಡು ಬಂದ.

"ಕಾಕಾ, ಮಾಸ್ತರು ಮೂಗು ಬರಿಯಾಕ ಕಲಿಸಿಲ್ರಿ ನಮಗ."

"ಹೆಂಗರ ಬರಿಯೋ ತಮ್ಮಾ. ಆಕಿ ಕೈಗೆ ಏನರ ಕೊಡಬೇಕು."

ಅವನು ಗುರುವಿನ ಎದುರಿಗೆ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದ. ಭಜನೆಯವರು ಎರಡು ಪದ ಮುಗಿಸುವವರೆಗೂ ರೆಪ್ಪೆ ಬಡಿಯಲಿಲ್ಲ. ಆಮೇಲೆ ಎದ್ದ. ಹೆಣಕ್ಕೆ ಬೆನ್ನು ತಿರುಗಿಸಿ, ಎದುರು ಗೋಡೆಗೆ ಮುಖ ಮಾಡಿ ಕೂತು, ಕಾಗದ ನೆನೆಸಿದ.

ಆಗ ನಾನು ಹೇಳಬೇಕಿತ್ತು. ಇವತ್ತೊಂದು ದಿನ ತಿರುಗಿ ಕೂಡು, ನೋಡಿ ಬರಿ, ಅಳತೆಯನ್ನಾದರೂ ತೆಗೆದುಕೋ ಎನ್ನಬೇಕಿತ್ತು. ಹೇಳಲಿಲ್ಲ. ಗೆಳೆಯ ಕಲಿಸಿದ ಪಾಠ ಅವನ ಮುಂದೆಯೇ ನಡೆಯುತ್ತಿರುವಾಗ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ. ಏನೋ ಮೂಡುತ್ತದೆ ಎಂದು ನಂಬಿದ್ದೆ. ಅಲ್ಲಾಭಕ್ಷನ ಪಕ್ಕದಲ್ಲೇ ಕೂತು ಕಾಗದವನ್ನೇ ನೋಡಿದೆ. ಸುಣ್ಣ ಹರಡಿತು. ಅದರ ಕೆಳಗೆ ಎರೆಮಣ್ಣು ನಿಧಾನ ಏರಿತು. ಅಂಚಿಗೆ ಒಂಚೂರು ನೀಲಿ. ಭಜನೆಯ ಧ್ವನಿ ದೊಡ್ಡದಾಯಿತು, ಗುರುಲಿಂಗಮ್ಮ ಕಿರುಚಿದಳು. ನಾನು ಹೊರಳಿದಾಗ ಗೆಳೆಯನನ್ನು ಎತ್ತಿಬಿಟ್ಟಿದ್ದರು. ಹೊತ್ತವರ ಭುಜಗಳ ನಡುವೆ ಹೂವಷ್ಟೇ ಕಂಡಿತು.

ಮೂರನೇ ದಿನ ಹಳ್ಳ ಇಳಿದು ಕಸ್ತೂರೆಮ್ಮ ಬಂದಳು. ಅತ್ತು ಮುಗಿದ ಮೇಲೆ ಕಾಗದವನ್ನು ಅವಳ ಕೈಗೆ ಕೊಟ್ಟೆವು. ಅವಳು ಬೆಳಕಿಗೆ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆಕೆಳಗು ಮಾಡಿ ನೋಡಿದಳು.

"ಇದರಾಗ ಅಪ್ಪ ಎಲ್ಲ್ಯದಾನ್ರಿ ಕಾಕಾ?"

ನಾನು ಹೇಳತೊಡಗಿದೆ. ಈ ಬಿಳುಪು ನೋಡವ್ವಾ, ಈ ಕಪ್ಪು ಏರುವ ರೀತಿ ನೋಡು... ಇಪ್ಪತ್ತು ವರ್ಷ ಅವನ ಬಾಯಲ್ಲಿ ಕೇಳಿದ ಮಾತುಗಳು. ಅವಳ ಕಣ್ಣು ಕಾಗದದ ಮೇಲೆ ಅಲ್ಲಿ ಇಲ್ಲಿ ಹುಡುಕುತ್ತಿತ್ತು. ಅಲ್ಲಾಭಕ್ಷ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವನ ಮನಸ್ಸು ನೋಯಬಾರದೆಂದು ಅವಳೇ "ಚೆಂದ ಐತಿ, ಅಣ್ಣಾ" ಎಂದಳು.

ಆಮೇಲೆ ಕೇಳಿದಳು. "ಕಣ್ಣು ಪೂರಾ ಮುಚ್ಚಿದ್ವೇನು? ಸಾಯೋರು ಯಾರದರ ದಾರಿ ನೋಡ್ತಿದ್ರ ಕಣ್ಣು ಮುಚ್ಚಂಗಿಲ್ಲಂತ."

ಗುರುಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಕಣ್ಣೀರಾಗ ಏನೂ ಕಂಡಿಲ್ಲವ್ವಾ. ಕಾಕಾರು ಅಲ್ಲೇ ಇದ್ರು."

ಕಸ್ತೂರೆಮ್ಮ ಅಲ್ಲಾಭಕ್ಷನ ಕಡೆ ನೋಡಿದಳು. "ನಾ ಹಣಿ ಮ್ಯಾಲಿನ ಬಿಳುಪು ನೋಡಿದೆ ಅಕ್ಕಾ. ಗ್ವಾಡಿ ಮ್ಯಾಲಿನ ನೆಳ್ಳು ನೋಡಿದೆ," ಎಂದ. ಅಷ್ಟು ಹೇಳಿ ಹೊರಗೆ ಹೋಗಿಬಿಟ್ಟ.

ಉಳಿದವನು ನಾನು. ಆ ದಿನ ಬೆಳಗಿನಿಂದ ಹೆಣಕ್ಕೆ ಮೂರು ಮಾರು ದೂರದಲ್ಲಿ ಕೂತಿದ್ದೆ. ನೆನಪಿಗೆ ಬರುವುದೆಲ್ಲ ಕಾಗದ. ಸುಣ್ಣ ಎಲ್ಲಿ ನಿಂತಿತು, ಮಣ್ಣು ಎಲ್ಲಿ ಒಡೆಯಿತು ಎಂದು ಈಗಲೂ ಗೆರೆ ಎಳೆದು ತೋರಿಸಬಲ್ಲೆ. ಅವನ ಕಣ್ಣು ನೆನಪಿಗೆ ಬರುವುದಿಲ್ಲ.

"ಮುಚ್ಚಿದ್ವು, ಯವ್ವಾ," ಎಂದೆ.

"ಎರಡೂ ಏನ್ರಿ?"

"ಎರಡೂ."

ಅವಳು ತಲೆಯಾಡಿಸಿ, ನನಗೆ ನೀರು ತರಲು ಒಳಗೆ ಎದ್ದುಹೋದಳು.