ಆರತಿ ಹಾಡಿಗೆ ಜಾಗ ಉಳಿಯಲಿಲ್ಲ

ಕಂಪ್ಯೂಟರಿಗೂ ಒಂದು ಸೆರಗು ಬೇಕೆಂದು ಅಮ್ಮ ಹಳೇ ಸೀರೆ ಹರಿದು ಹೊದಿಕೆ ಹೊಲಿದಿದ್ದ ದಿನಗಳು ಅವು. ಮದ್ದೂರಿನ ನಮ್ಮ ನಡುಮನೆಯಲ್ಲಿ, ಅಪ್ಪ ಯಾರಿಂದಲೋ ಕೊಂಡು ತಂದ ಹಳೇ ಯಂತ್ರ ಆ ಹೊದಿಕೆಯೊಳಗೆ ಕೂತಿರುತ್ತಿತ್ತು. ಆನ್ ಮಾಡಿದರೆ ಬಿಸಿಯಾದ ಧೂಳಿನ ವಾಸನೆ. ಆ ಬೇಸಿಗೆಯಲ್ಲಿ ಅದರ ಜೊತೆ ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಯ ಇಂಗಿನ ವಾಸನೆಯೂ ಬೆರೆತಿತ್ತು.

ಚಿಕ್ಕಪ್ಪನ ಮದುವೆಗೆ ಇನ್ನೊಂದು ವಾರ. ಶಾಸ್ತ್ರಕ್ಕೆ ಹೇಳುವ ಸೋಬಾನೆ ಹಾಡುಗಳು ಪೂರ್ತಿ ಬರುತ್ತಿದ್ದುದು ಅಜ್ಜಿಗೊಬ್ಬರಿಗೇ. ಆ ವರ್ಷ ಅಜ್ಜಿಗೆ ದಮ್ಮು ಹೆಚ್ಚಾಗಿತ್ತು. ಬರೆದಿಟ್ಟರೆ ಸೊಸೆಯಂದಿರು ನೋಡಿಕೊಂಡು ಹೇಳಬಹುದೆಂದು, ಏಳನೇ ಕ್ಲಾಸು ಮುಗಿಸಿದ್ದ ನನ್ನನ್ನು ಚೌಕಾಬಾರದ ಆಟದಿಂದ ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಕಾನ್ವೆಂಟಿನ ಹುಡುಗಿ ನಾನು, ಅಜ್ಜಿ ಹೇಳಿದ ಕನ್ನಡದ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಿದ್ದೆ.

ಅಜ್ಜಿಯ ಕಟ್ಟಳೆ ಒಂದೇ: ಸೋಬಾನೆ ಎತ್ತಿದ ಮೇಲೆ ಕೊನೆಗೆ ಆರತಿ ಹಾಡು ಹೇಳದೆ ಮುಗಿಸಕೂಡದು. ನಾನು ಅದನ್ನು ಕಂಪ್ಯೂಟರಿಗೂ ಹಚ್ಚಿದೆ. ಹಾಡಿಗೊಂದು ಫೈಲು ತೆರೆದೆ, ಆರತಿ ಹಾಡು ಬರುವ ತನಕ ಎಂದು ಯಾವುದನ್ನೂ ಮುಚ್ಚಲಿಲ್ಲ. ಸೇವ್ ಮಾಡುವುದೂ ಎಲ್ಲ ಮುಗಿದ ಮೇಲೆ ಅಂದುಕೊಂಡಿದ್ದೆ. ಹದಿನಾಲ್ಕನೇ ಹಾಡು ಮುಗಿಯುವ ಹೊತ್ತಿಗೆ, ವರ್ಚುಯಲ್ ಮೆಮೊರಿ ಸಾಲದು ಎಂಬ ಇಂಗ್ಲಿಷ್ ಚೀಟಿ ಪರದೆಯ ಮೇಲೆ ಎದ್ದಿತು. ಮೌಸಿನ ಬಾಣ ತೆವಳತೊಡಗಿತು.

ಪಕ್ಕದ ಬೀದಿಯಲ್ಲಿ ಟಿವಿ ರಿಪೇರಿ ಮಾಡುತ್ತಲೇ ಕಂಪ್ಯೂಟರನ್ನೂ ಕಲಿತಿದ್ದ ರಿಯಾಜಣ್ಣ ಬಂದರು. ಪರದೆ ನೋಡಿ, ನನಗಲ್ಲ, ಅಜ್ಜಿಗೆ ವಿವರಿಸಿದರು.

"ನಡುಮನೆ ತುಂಬ್ದಾಗ ನೆಂಟರನ್ನ ಕೊಟ್ಟಿಗೆ ಕಡೆ ಕೂರುಸ್ತೀರಲ್ಲವ್ವ, ಇದೂ ಅಂಗೇಯ. ಈಗ ಕೊಟ್ಟಿಗೇನೂ ತುಂಬೋಗದೆ. ಒಂದೊಂದೇ ಸೇವ್ ಮಾಡಿ ಮುಚ್ಬೇಕು."

ಆ ಕೊಟ್ಟಿಗೆಯನ್ನು ಸೆಟ್ಟಿಂಗಿನಲ್ಲಿ ದೊಡ್ಡದು ಮಾಡಬಹುದಂತೆ. ಆದರೆ ಅದಕ್ಕೆ ಯಂತ್ರ ಆಫ್ ಮಾಡಿ ಆನ್ ಮಾಡಬೇಕು, ಸೇವ್ ಆಗದೆ ಆಫ್ ಆದರೆ ಹದಿನಾಲ್ಕು ಹಾಡೂ ಹೋದಂತೆ. ಅಷ್ಟನ್ನೂ ಮತ್ತೆ ಹೇಳುವ ಉಸಿರು ಅಜ್ಜಿಗಿರಲಿಲ್ಲ. ನನಗೆ ಅಳು ಬಂತು.

"ಆರತಿ ಏಳ್ದೆ ಮುಚ್ಚದಾ? ಮದ್ವೆ ಮನೆ ಕಣಪ್ಪ ಇದು," ಅಂದರು ಅಜ್ಜಿ.

ಇನ್ನೊಂದು ಫೈಲು ತೆರೆದರೆ ಯಂತ್ರ ಅಲ್ಲೇ ನಿಂತುಹೋಗುತ್ತದೆ ಎಂದರು ರಿಯಾಜಣ್ಣ. ಅಜ್ಜಿ ಸೆರಗು ಸರಿಮಾಡಿಕೊಂಡರು.

"ಬರೀಬ್ಯಾಡ ಬುಡು ಮಗ. ನಾನು ಏಳ್ತಾ ಇರ್ತೀನಿ, ನೀನು ಮುಚ್ತಾ ಓಗು."

ಸಾಲಿಗೆ ಎರಡು ಸಲ ಉಸಿರೆಳೆದುಕೊಂಡು ಅಜ್ಜಿ ಹಾಡಿದರು. ನಾನು ಒಂದೊಂದೇ ಸೇವ್ ಮಾಡಿ ಮುಚ್ಚಿದೆ. ರಿಯಾಜಣ್ಣ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ತಲೆ ತಗ್ಗಿಸಿ ನಿಂತಿದ್ದರು. ಕೊನೆಯ ಫೈಲೂ ಮುಚ್ಚಿದಾಗ ಅಜ್ಜಿ ಗೋಡೆಗೊರಗಿ ನಕ್ಕರು. "ನಿನ್ ಕಂಪೂಟ್ರೂ ನನ್ನಂಗೇಯ ಕಣೆ, ದಮ್ಮಿಲ್ಲ."

ಅಂದೇ ರಿಯಾಜಣ್ಣ ಕೊಟ್ಟಿಗೆ ದೊಡ್ಡದು ಮಾಡಿಕೊಟ್ಟರು. ಜಾಗ ಬೇಕಾದಷ್ಟಾಯಿತು. ಮದುವೆಯಲ್ಲಿ ಸೊಸೆಯಂದಿರು ಪ್ರಿಂಟ್ ತೆಗೆಸಿದ ಹಾಳೆ ಹಿಡಿದು ಹಾಡಿದರು. ಆರತಿಗೆ ಮಾತ್ರ ಅಜ್ಜಿಯೇ ಎದ್ದು ನಿಂತದ್ದರಿಂದ ಆ ಹಾಡಿಗೆ ಹಾಳೆ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಆಮೇಲೆ ಬರೆದುಕೊಂಡರಾಯಿತು ಅಂದುಕೊಂಡೆ. ಮುಂದಿನ ಬೇಸಿಗೆಗೆ ಅಜ್ಜಿ ಇರಲಿಲ್ಲ.

ಆ ಹದಿನಾಲ್ಕು ಹಾಡು ಈಗ ನನ್ನ ಫೋನಿನಲ್ಲಿವೆ. ನಮ್ಮ ಮನೆಗಳ ಮದುವೆಗಳಲ್ಲಿ ನಾನೇ ಹೇಳಿಕೊಡುತ್ತೇನೆ. ಹದಿನಾಲ್ಕನೆಯದು ಮುಗಿದ ಮೇಲೆ ಹೆಂಗಸರೆಲ್ಲ ನನ್ನ ಮುಖ ನೋಡುತ್ತಾರೆ. ತಟ್ಟೆಯಲ್ಲಿ ಆರತಿ ಸುಮ್ಮನೆ ಉರಿಯುತ್ತಿರುತ್ತದೆ.