ಸತ್ತ ಲೈನಿನ ಬೂತು

ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಆ ಬೂತಿನಲ್ಲಿ ಎರಡು ಫೋನುಗಳಿದ್ದವು. ಹೊರಗಿನ ಕಟ್ಟೆಯ ಮೇಲಿದ್ದದ್ದು ಒಂದು ರೂಪಾಯಿ ಹಾಕುವ ಡಬ್ಬಿ. ಹೊರಗಿನ ಊರುಗಳ ನಂಬರಿಗೆ ಮೊದಲು ಬೇಕಾದ ಸೊನ್ನೆಯನ್ನು ಅದರಲ್ಲಿ ಒತ್ತಿದರೆ ಕುಂಯ್ ಎಂದು ಸುಮ್ಮನಾಗುತ್ತಿತ್ತು. ಮಾಲೀಕ ಲಾಕ್ ಮಾಡಿದ್ದ. ದೂರದೂರಿಗೆ ಮಾತಾಡಬೇಕಾದರೆ ಒಳಗಿನ ಗಾಜಿನ ಗೂಡಿಗೇ ಹೋಗಬೇಕು. ಅದಕ್ಕೆ ಮೊದಲು ಅವನು ಕೇಳುತ್ತಿದ್ದುದು ನಂಬರಲ್ಲ. ಯಾವೂರು? ಯಾವ ಬೀದಿ?

ಬೀದಿ ಕೇಳುವುದು ಯಾಕೆಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕ ಮಂಗಳೂರಿನ ನರ್ಸಿಂಗ್ ಹೋಮೊಂದರಲ್ಲಿ ನರ್ಸಾಗಿದ್ದಳು. ಮೈಸೂರಿನ ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಮಾರನೆಯ ಬೆಳಿಗ್ಗೆಯೇ ಅವಳ ಸಂದರ್ಶನವೆಂದು, ಮನೆಗೆ ಬಂದ ಕಾಗದದಿಂದ ನಮಗೆ ತಿಳಿದದ್ದು ಮಧ್ಯಾಹ್ನ. ಸಂಜೆಯೊಳಗೆ ಸುದ್ದಿ ಮುಟ್ಟಿದರೆ ರಾತ್ರಿ ಬಸ್ಸು ಹತ್ತಿಯಾಳು. ಇಲ್ಲದಿದ್ದರೆ ಆ ಕೆಲಸ ಇನ್ಯಾರಿಗೋ.

ಅವ್ವನೂ ನಾನೂ ಬೂತಿಗೆ ಓಡಿದೆವು. ಮಾಲೀಕ ಕೇಳಿದಾಗ ಅವ್ವ ಬೀದಿಯನ್ನು ಮುಚ್ಚಿಡದೆ ಹೇಳಿದಳು.

"ಎಸ್‌ಟಿಡಿ ಲೈನಿಲ್ಲ ಕಣಮ್ಮೋ. ಬೆಳಗ್ಗಿಂದ ಡೆಡ್ಡು."

ಗಾಜಿನ ಗೂಡಿನೊಳಗಿಂದ ಬೆಲ್ಲದ ವ್ಯಾಪಾರಿಯೊಬ್ಬ ಅರಚುತ್ತಿದ್ದ: "ಬನ್ನೂರಿಂದ ಲಾರಿ ಒಂಟದೆ, ಸೇಲಂನಲ್ಲಿ ಇಳಿಸ್ಕಳಿ!"

ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟೇ: ಎದುರಾಳಿಯ ಮಾತನ್ನು ಮೊದಲು ಒಪ್ಪಿಕೊ, ಆಮೇಲೆ ಅದರಲ್ಲೇ ಅವನನ್ನು ಕಟ್ಟಿಹಾಕು.

"ಸರಿ, ಲೈನಿಲ್ಲ. ಹಂಗಾದ್ರೆ ಒಳಗಿರೋರು ಬರೀ ಗಂಟಲಲ್ಲೇ ಸೇಲಂಗೆ ಕೇಳಿಸ್ತಾವ್ರಾ ಅಣ್ಣಾ?"

ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ಅವ್ರು ಮುಗುಸ್ದೇಟ್ಗೆ ಓಯ್ತದೆ ಲೈನು."

"ಬೆಳಗ್ಗಿಂದ ಇಲ್ಲ ಅಂದ್ರಿ, ಈಗ ಇನ್ಮೇಲೆ ಹೋಯ್ತದೆ ಅಂತೀರಿ. ಎರಡ್ರಲ್ಲಿ ಒಂದು ಹೇಳಿ."

"ಬಾಯಿ ಜೋರು ಕಣಮ್ಮ ಲಾಯರಮ್ಮ. ಆಚೆ ಡಬ್ಬೀಲಿ ಮಾಡ್ಕೋ ಓಗು."

"ಅದ್ರಲ್ಲಿ ಸೊನ್ನೆ ಲಾಕ್ ಮಾಡಿರೋರು ಯಾರು?"

ಲೈನು ಜಾತಿ ನೋಡಿ ಕೆಡುತ್ತದೆಯೇ ಎಂಬ ಮುಂದಿನ ಪ್ರಶ್ನೆಯನ್ನು ನಾಲಗೆಯ ಮೇಲೆ ಮಸೆದುಕೊಳ್ಳುತ್ತಿದ್ದೆ. ಅವ್ವನಿಗೆ ಅಷ್ಟು ವ್ಯವಧಾನವಿರಲಿಲ್ಲ. ವ್ಯಾಪಾರಿ ಹೊರಬಂದದ್ದೇ ತಡ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಗೂಡಿನೊಳಗೆ ಹೋದವಳೇ ಚಿಲಕ ಹಾಕಿಕೊಂಡಳು. ಬಾಯಿಪಾಠ ಮಾಡಿಕೊಂಡು ಬಂದಿದ್ದ ನಂಬರನ್ನು, ರಾಗಿಯಲ್ಲಿ ಕಲ್ಲು ಆರಿಸುವವಳ ಹಾಗೆ, ಒಂದೊಂದೇ ಒತ್ತಿದಳು. ಮೀಟರಿನಲ್ಲಿ ಕೆಂಪು ಅಂಕಿಗಳು ಓಡತೊಡಗಿದವು.

ಮಾಲೀಕ ಎದ್ದು ಬಾಗಿಲಿಗೆ ಕೈ ಹಾಕಿದ. ನಾನು ಅಡ್ಡ ನಿಂತೆ.

"ಇಲ್ದಿರೋ ಲೈನಿಗೆ ಬಾಗ್ಲು ಯಾಕೆ ಎಳೀತೀರಿ ಅಣ್ಣಾ?"

ಈ ಸಲ ಇಡೀ ಬೆಂಚು ನಕ್ಕಿತು. ಅವನ ಕೈ ಹಿಂದೆ ಬಂತು. ಒಳಗಿಂದ ಅವ್ವನ ದನಿ, ಬೆಲ್ಲದ ವ್ಯಾಪಾರಿಗಿಂತ ಜೋರಾಗಿ: "ಈಗ್ಲೇ ಒಂಡು ಮಗಾ! ಬಸ್ ಅತ್ಕಬುಡು!"

ಬೆಳಗಾಗುವಷ್ಟರಲ್ಲಿ ಅಕ್ಕ ಮೈಸೂರಿನಲ್ಲಿದ್ದಳು. ಕೆಲಸವೂ ಸಿಕ್ಕಿತು. ಕೆಲವು ವರ್ಷಗಳಲ್ಲಿ ನಮ್ಮ ಮನೆಗೇ ಫೋನು ಬಂತು. ಆದರೂ ನಂಜನಗೂಡಿಗೆ ಹೋದಾಗಲೆಲ್ಲ ಅವ್ವ ಆ ಗೂಡಿಗೇ ನುಗ್ಗಿ, ಚಿಲಕ ಹಾಕಿಕೊಂಡು, ಟಿ. ನರಸೀಪುರದ ಚಿಕ್ಕಮ್ಮನಿಗೆ ಫೋನು ಮಾಡುತ್ತಿದ್ದಳು. ಮನೆಯಿಂದಲೇ ಮಾಡಬಾರದೇ ಎಂದು ಚಿಕ್ಕಮ್ಮ ಬೈದರೆ, ಮಾಲೀಕನಿಗೂ ಕೇಳಿಸುವಂತೆ ಹೇಳುವಳು:

"ಏನಿಲ್ಲ ಕಣವ್ವ. ಇವ್ರ ಲೈನು ಅದೋ ಇಲ್ವೋ ನೋಡ್ಮ ಅಂತ."