ಒಡ್ದೋನೇ ಒಗೀಬೇಕು

ಕಳೆದ ಭಾನುವಾರ ಕೊಳ್ಳೇಗಾಲದಲ್ಲಿ ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಕುಂತೂರು ತಂಡ ಅಗರ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಗೋಲು ಹೊಡೆದ ಕಿರಣ ಸೋಮವಾರ ಬೆಳಿಗ್ಗೆ ತಂಡದ ಹನ್ನೊಂದು ಅಂಗಿಗಳನ್ನೂ ಕೈಯಲ್ಲೇ ಒಗೆದ.

ಅದು ಶಿಕ್ಷೆಯಲ್ಲ, ಪುಟ್ಟಮಾದಣ್ಣನ ಕಾನೂನು.

ಪುಟ್ಟಮಾದಣ್ಣ ಕುಂತೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್. ಮೂವತ್ತು ವರ್ಷ ಊರಿನ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದರು. ಗ್ಯಾರೇಜಿನ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದರೂ ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಹೊರಟುಬಿಡುತ್ತಿದ್ದರು, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಖಾಲಿ ಡೀಸೆಲ್ ಡಬ್ಬ. ಆಟಗಾರನನ್ನು ಬದಲಿಸಬೇಕಾದಾಗ ಡಬ್ಬವನ್ನು ಎರಡು ಸಲ ಬಡಿದು ಬೆರಳು ತೋರಿಸುತ್ತಿದ್ದರು. ನಾವು ಮಾತಾಡದೆ ಹೊರಗೆ ಬರುತ್ತಿದ್ದೆವು.

ನಾನು ಆಡುತ್ತಿದ್ದಾಗ ತಂಡಕ್ಕೆ ಇದ್ದದ್ದು ಒಂದೇ ಸೆಟ್ ಅಂಗಿ. ಬೆನ್ನ ಮೇಲಿನ ನಂಬರನ್ನು ಟ್ರ್ಯಾಕ್ಟರ್‌ಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಅವರೇ ಬರೆದಿದ್ದರು. ಯಾವ ನಂಬರು ಯಾರದೆಂದು ಯಾರೂ ಕೇಳುತ್ತಿರಲಿಲ್ಲ, ಒಣಗಿದ್ದನ್ನು ಹಾಕಿಕೊಳ್ಳುತ್ತಿದ್ದೆವು. ಮೊದಲ ಗೋಲು ಹೊಡೆದ ದಿನ ಬಟ್ಟೆಯ ಗಂಟು ನನ್ನ ಕೈಗೆ ಬಂತು.

“ಗೆಲ್ಸಿದ್ದೂ ನಾನೇ, ಒಗೆಯೋದೂ ನಾನೇನಾ ಮಾದಣ್ಣ?” ಎಂದೆ.

“ಒಡ್ದೋನೇ ಒಗೀಬೇಕು ಕಣ್ಲಾ. ಗೋಲ್ ಒಡುದ್ರೆ ತಲೆ ಮ್ಯಾಕ್ಕೋಯ್ತದೆ. ಒಗೆಯೋಕೆ ಬಗ್ಗಬೇಕಲ್ಲ, ಸರೋಯ್ತದೆ. ಆಮೇಲೆ ಯಾರ ಅಂಗಿ ಜಾಸ್ತಿ ಮಣ್ಣಾಗದೆ ನೋಡ್ಕೊ. ಅವ್ನು ಬಿದ್ದಿದ್ಕೇ ನಿನ್ ಕಾಲಿಗೆ ಬಾಲ್ ಬಂದದ್ದು.”

ನಾನು ಆಟ ಬಿಟ್ಟು ಪತ್ರಿಕೆ ಸೇರಿದ ಮೇಲೆ ಕಾಲ ಬದಲಾಯಿತು. ಮೂರು ಸೆಟ್ ಅಂಗಿ ಬಂದವು, ಬೆನ್ನ ಮೇಲೆ ಹೆಸರು ಬಂತು. ಡಬ್ಬ ಬಡಿದರೆ “ನಾನ್ಯಾಕೆ, ಅವ್ನು ಯಾಕಲ್ಲ?” ಎಂದು ಮೊಬೈಲಿನಲ್ಲಿ ವಿಡಿಯೊ ತೋರಿಸುವವರು ಬಂದರು. ದೊಡ್ಡ ದೊಡ್ಡ ಆಟಗಾರರು ತೊಡುವ ಹತ್ತನೇ ನಂಬರು ಐದು ಜನಕ್ಕೆ ಬೇಕಾಯಿತು. ನಮ್ಮ ಕಡೆಯ ಬಾಯಲ್ಲಿ ‘ಹತ್ತು’ ಎಂಬುದು ‘ಅತ್ತು’. ಪುಟ್ಟಮಾದಣ್ಣ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: “ಅತ್ತು ನಂಬರು ಅತ್ರೆ ಸಿಕ್ಕಾಕಿಲ್ಲ ಕಣ್ರಲಾ.”

ಸಿಕ್ಕಿದ್ದು ಕಿರಣನಿಗೆ. ಲೊಕ್ಕನಹಳ್ಳಿಯವನು, ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಕುಂತೂರಿಗೆ ಬಂದವನು, ಎರಡೂ ಕಾಲಿನಲ್ಲಿ ಹೊಡೆಯಬಲ್ಲವನು. ಅವನು ಮನೆ ಸೇರುವಷ್ಟರಲ್ಲಿ ಅವನ ಗೋಲು ರೀಲ್ಸ್ ಆಗಿರುತ್ತಿತ್ತು. ಎರಡು ವರ್ಷದ ಹಿಂದೆ ಸೆಮಿಫೈನಲ್‌ನಲ್ಲಿ ಎರಡು ಗೋಲು ಹೊಡೆದ ಅವನು ಬಟ್ಟೆಯ ಗಂಟು ಮುಟ್ಟಲಿಲ್ಲ.

“ರೂಮಲ್ಲಿ ವಾಷಿಂಗ್ ಮಿಷನ್ ಅದೆ, ಆಕ್ಬುಟ್ಟು ತತ್ತೀನಿ ಬುಡಣ್ಣ.”

“ಮಿಷನ್‌ಗೆ ಏನ್ ಗೊತ್ತಾಯ್ತದ್ಲಾ, ಯಾರು ಬಿದ್ರು ಅಂತ?”

“ನನ್ ಕೆಲ್ಸ ಗೋಲ್ ಒಡೆಯೋದು. ಒಗೆಯೋದಲ್ಲ.”

“ಅಂಗಾರೆ ಕುಂತ್ಕೊ.”

ಯಳಂದೂರು ತಂಡದ ವಿರುದ್ಧದ ಫೈನಲ್‌ನಲ್ಲಿ ಕಿರಣ ಹೊರಗೆ ಕೂತ. ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಹಿಂದಿದ್ದೆವು. ನಾಯಕ ಬಸವ ಕೈಮುಗಿದ: “ಮಾದಣ್ಣ, ಅವುನ್ನ ಇಳ್ಸಿ. ಕಪ್ ಓಯ್ತದೆ.” ಪುಟ್ಟಮಾದಣ್ಣ “ಓಗ್ಲಿ” ಎಂದರು. ಆಗ ಕಿರಣ ಎದ್ದು ನಿಂತು ಕೇಳಿದ: “ನೀವು ಯಾವತ್ತಾರ ಒಗ್ದಿದ್ದೀರಾ?”

ಆಡುವ ಕಾಲದಲ್ಲಿ ಪುಟ್ಟಮಾದಣ್ಣ ಗೋಲ್‌ಕೀಪರ್. ಜೀವಮಾನದಲ್ಲಿ ಒಂದು ಗೋಲೂ ಹೊಡೆದವರಲ್ಲ. “ಇಲ್ಲ ಕಣ್ಲಾ” ಎಂದರು. ಕೂತವರೆಲ್ಲ ನಕ್ಕರು. ಕಪ್ ಯಳಂದೂರಿಗೆ ಹೋಯಿತು.

ಮರುದಿನ ಬೆಳಿಗ್ಗೆ ವರದಿಗೆ ಎರಡು ಮಾತು ಕೇಳಲು ಗ್ಯಾರೇಜಿಗೆ ಹೋದೆ. ನಮ್ಮವರು ಯಾರೂ ಗೋಲು ಹೊಡೆದಿರಲಿಲ್ಲವಾದ್ದರಿಂದ ಕಾನೂನಿನ ಪ್ರಕಾರ ಒಗೆಯಲು ಯಾರೂ ಇರಲಿಲ್ಲ. ಗ್ಯಾರೇಜಿನ ಹಿಂಬದಿಯ ಒಗೆಯುವ ಕಲ್ಲಿನ ಮುಂದೆ ಪುಟ್ಟಮಾದಣ್ಣ ಪಂಚೆ ಎತ್ತಿಕಟ್ಟಿ ನಿಂತಿದ್ದರು. “ಮೂರು ಅಂಗಿಗೇ ಸೊಂಟ ಇಡ್ಕತು. ನೀವೆಲ್ಲ ಎಂಗ್ಲಾ ಅನ್ನೊಂದು ಒಗೀತಿದ್ರಿ?” ಎಂದು ನನ್ನನ್ನು ಕೇಳಿದರು.

ಅಷ್ಟರಲ್ಲಿ ಕಿರಣ ಬಂದ. ಕೈಯಲ್ಲಿ ಫೈನಲ್‌ಗೆಂದು ಬಂದಿದ್ದ ಹೊಸ ಹತ್ತನೇ ನಂಬರಿನ ಅಂಗಿ, ಮಡಿಚಿದ್ದು ಮಡಿಚಿದಂತೆ.

“ತಕಳಿ ಅಣ್ಣ. ಅಗರದೋರು ಕರೀತಾವ್ರೆ, ಓಯ್ತೀನಿ.”

ಪುಟ್ಟಮಾದಣ್ಣ ಅಂಗಿಯನ್ನು ಬಿಡಿಸಿ ಮೂಸಿದರು. “ಇದ್ರಾಗೇನ್ಲಾ ಒಗೆಯೋದು? ಇನ್ನೂ ಅಂಗಡಿ ವಾಸ್ನೆ ಓಗಿಲ್ಲ.”

ಕಿರಣನಿಗೆ ನಗು ತಡೆಯಲಾಗಲಿಲ್ಲ. ಅವರು ಮತ್ತೆ ಬಗ್ಗಿ ಸೋಪು ತಿಕ್ಕತೊಡಗಿದರು. ಒಂದು ನಿಮಿಷ ನೋಡಿದ ಕಿರಣ, “ಯಾರಾರ ಸೋಪ್ನ ಇಂಗೆ ಆಕ್ತಾರಾ? ಸರ್ಕಳಿ ಅತ್ಲಾಗೆ” ಎಂದು ಪ್ಯಾಂಟು ಮಡಿಚಿದ. ಕೈಗೆ ಸಿಕ್ಕ ಮೊದಲ ಅಂಗಿಯಲ್ಲಿ ಬಟ್ಟೆಗಿಂತ ಮಣ್ಣೇ ಹೆಚ್ಚಿತ್ತು.

“ಇದ್ಯಾರ್ದು?”

“ಬಸವಂದು.”

ಕಿರಣ ಅದನ್ನು ಎರಡು ಸಲ ಒಗೆದ. ಅಗರಕ್ಕೆ ಹೋಗಲಿಲ್ಲ.

ಈ ವರ್ಷ ಮಂಡಿನೋವು ಹೆಚ್ಚಿ ಪುಟ್ಟಮಾದಣ್ಣ ಹನೂರಿನ ಮಗಳ ಮನೆ ಸೇರಿದರು. ಸ್ಪ್ಯಾನರು, ಡಬ್ಬ ಈಗ ಬಸವನ ಬಳಿ ಇವೆ. ಪಂದ್ಯದ ಮರುದಿನ ತಂತಿಯ ಮೇಲೆ ಒಣಗುವ ಅಂಗಿಗಳ ಫೋಟೊ ಮಗಳ ಮೊಬೈಲಿಗೆ ಹೋಗಬೇಕೆಂಬುದು ಹೊಸ ಕಾನೂನು. ಈ ಸೋಮವಾರವೂ ಹೋಯಿತು. ಸಂಜೆ ವಾಯ್ಸ್ ಮೆಸೇಜ್ ಬಂತು: “ಅತ್ತನೇ ನಂಬರ್ ಅಂಗೀಲಿ ಮಣ್ಣು ಅಂಗೇ ಅದೆ ಕಣ್ಲಾ. ಸರ್ಯಾಗಿ ಉಜ್ಜು.”

ಮಂಗಳವಾರ ಬೆಳಿಗ್ಗೆ ಕಿರಣ ತನ್ನ ಅಂಗಿಯನ್ನು ಇನ್ನೊಂದು ಸಲ ಒಗೆದ.